ಹಳೆಯ ಲ್ಯಾಪ್‌ಟಾಪಿನ ಜೀರ್ಣೋದ್ಧಾರ

ಏಳೆಂಟು ವರ್ಷಕಾಲ ಮನೆಯ ಲೆಕ್ಕವನ್ನೂ ಮಕ್ಕಳ ಪಾಠವನ್ನೂ ಹೊತ್ತು ದುಡಿದ ಲ್ಯಾಪ್‌ಟಾಪೊಂದು, ಗುಂಡಿಯನ್ನು ಎಷ್ಟು ಸಲ ಒತ್ತಿದರೂ ದೀಪ ತೋರದೆ, ಫ್ಯಾನಿನ ಸದ್ದೂ ಕೇಳಿಸದೆ ನಿಶ್ಚೇಷ್ಟಿತವಾಗಿ ಉಳಿದಾಗ, ನಮ್ಮ ಜನ ಆಡುವ ಮೊದಲ ಮಾತು ‘ಇದರ ಕಾಲ ಮುಗಿಯಿತು’ ಎಂಬುದು. ಅಂಗಡಿಯವನೊಬ್ಬನು ಅದನ್ನು ಬಿಚ್ಚಿ ನೋಡದೆಯೇ ‘ಬೋರ್ಡ್ ಹೋಗಿದೆ ಸಾರ್’ ಎಂದುಬಿಟ್ಟನೆಂದರೆ ಆ ತೀರ್ಪಿನ ಮೇಲೆ ಮರುವಿಚಾರಣೆಯೇ ನಡೆಯುವುದಿಲ್ಲ. ಇದು ಯಂತ್ರಕ್ಕೂ ಅದರ ಒಡೆಯನಿಗೂ ಆಗುವ ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಸಾವಿರಾರು ಬಿಡಿಭಾಗಗಳಿಂದ ಕೂಡಿದ ಈ ಯಂತ್ರದಲ್ಲಿ ಕೆಟ್ಟಿರುವುದು ಬಹುಮಟ್ಟಿಗೆ ಯಾವುದೋ ಒಂದು ಭಾಗ. ಉಳಿದುವೆಲ್ಲ ಸುಸ್ಥಿತಿಯಲ್ಲಿದ್ದು, ಆ ಒಂದರ ಅಸಹಕಾರದಿಂದ ಮಾತ್ರವೇ ಕೈಕಟ್ಟಿ ಕುಳಿತಿರುತ್ತವೆ. ಆ ಒಂದನ್ನು ಕ್ರಮವರಿತು ಹುಡುಕುವ ವಿದ್ಯೆಯಾದರೋ ಸಾಮಾನ್ಯ ವಿವೇಕವೂ ತಾಳ್ಮೆಯೂ ಉಳ್ಳ ಯಾರಿಗಾದರೂ ಅರ್ಧಮಟ್ಟಿಗೆ ವಶವಾಗತಕ್ಕದ್ದು.

ಗುಂಡಿ ಒತ್ತಿದೊಡನೆ ಒಳಗೆ ನಡೆಯುವುದೇನೆಂಬುದನ್ನು ಅರಿಯದೆ ದೋಷವನ್ನು ಹುಡುಕಹೊರಡುವುದು ವ್ಯರ್ಥ. ಗೋಡೆಯ ಪ್ಲಗ್ಗಿನಲ್ಲಿ ದೊರೆಯುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಚಾರ್ಜರು 19 ಅಥವಾ 20 ವೋಲ್ಟಿನ ನೇರ ವಿದ್ಯುತ್ತಾಗಿ ಪರಿವರ್ತಿಸಿ ಒಳಕ್ಕೆ ಕಳುಹಿಸುತ್ತದೆ. ಮದರ್‌ಬೋರ್ಡಿನ ಅಂಚಿನಲ್ಲಿ ಮಾಸ್‌ಫೆಟ್ ಎಂಬ ಸೂಕ್ಷ್ಮ ಸ್ವಿಚ್ಚುಗಳು ಆ ವಿದ್ಯುತ್ತನ್ನು ಒಳಬಿಟ್ಟ ಮೇಲೆ, ಅದರಿಂದ 5 ವೋಲ್ಟ್ ಮತ್ತು 3.3 ವೋಲ್ಟಿನ ಎರಡು ಕಿರಿಯ ಸರಬರಾಜುಗಳು ಹುಟ್ಟುತ್ತವೆ. ಯಂತ್ರ ಆರಿರುವಾಗಲೂ ಎಚ್ಚರವಾಗಿರಬೇಕಾದ ‘ಎಂಬೆಡೆಡ್ ಕಂಟ್ರೋಲರ್’ ಎಂಬ ಚಿಪ್ಪು ಬಾಳುವುದು ಇವುಗಳ ಬಲದಿಂದಲೇ. ನಾವು ಒತ್ತುವ ಗುಂಡಿ ಯಂತ್ರವನ್ನು ತಾನೇ ಚಾಲನೆಗೊಳಿಸುವುದಿಲ್ಲ. ಈ ಚಿಪ್ಪಿಗೆ ಒಂದು ಸೂಚನೆಯನ್ನು ಕೊಡುತ್ತದೆ, ಅಷ್ಟೆ. ಸೂಚನೆ ದೊರೆತ ಬಳಿಕ ಅದು ರ‍್ಯಾಮಿಗೆ ಬೇಕಾದ ಒಂದು-ಒಂದೂವರೆ ವೋಲ್ಟು, ಪ್ರೊಸೆಸರಿಗೆ ಬೇಕಾದ ಸುಮಾರು ಒಂದು ವೋಲ್ಟು, ಹೀಗೆ ಹಲವು ಸರಬರಾಜುಗಳನ್ನು ಕ್ರಮವಾಗಿ ಎಬ್ಬಿಸುತ್ತ ಹೋಗುತ್ತದೆ. ಹಿಂದಿನದು ‘ಸರಿಯಾಗಿದ್ದೇನೆ’ ಎಂಬ ಸಂಕೇತವನ್ನು ಕೊಡದೆ ಮುಂದಿನದಕ್ಕೆ ಅಪ್ಪಣೆ ದೊರೆಯುವುದಿಲ್ಲ. ಎಲ್ಲವೂ ಒಪ್ಪಿದ ಮೇಲೆ ಪ್ರೊಸೆಸರಿನ ತಡೆ ತೆರವಾಗಿ, ಅದು ಎಂಟು ಕಾಲಿನ ಸಣ್ಣ ಬಯಾಸ್ ಚಿಪ್ಪಿನಿಂದ ತನ್ನ ಮೊದಲ ಆದೇಶವನ್ನು ಓದಿ, ರ‍್ಯಾಮನ್ನು ಪರೀಕ್ಷಿಸಿ, ಪರದೆಯನ್ನು ಬೆಳಗಿಸಿ, ಕಟ್ಟಕಡೆಗೆ ಡಿಸ್ಕಿನಲ್ಲಿ ವಿಂಡೋಸ್ ಅಥವಾ ಅಂಥ ಮತ್ತೊಂದು ವ್ಯವಸ್ಥೆ ಇದೆಯೇ ಎಂದು ಅರಸುತ್ತದೆ. ಒಂದು ಬತ್ತಿಯಿಂದ ಇನ್ನೊಂದನ್ನು ಹೊತ್ತಿಸುತ್ತ ಹೋಗುವ ದೀಪಗಳ ಸಾಲಿನಲ್ಲಿ ನಡುವಿನ ಒಂದು ಹಣತೆಗೆ ಎಣ್ಣೆ ಸಾಲದಿದ್ದರೆ ಅದರಾಚೆಯ ಹಣತೆಗಳೆಲ್ಲ ತುಂಬಿದ್ದೂ ಕತ್ತಲಲ್ಲಿರುವಂತೆ, ಈ ಸರಣಿಯಲ್ಲಿಯೂ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ನಿಂತುಬಿಡುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಹೊರಗಿನ ಲಕ್ಷಣಗಳೇ ದಾರಿ ತೋರಿಸುತ್ತವೆ. ಚಾರ್ಜರ್ ಸಿಕ್ಕಿಸಿದರೂ ಒಂದು ದೀಪವೂ ಹೊತ್ತದಿದ್ದರೆ ದೋಷವು ಸರಣಿಯ ಆರಂಭದಲ್ಲಿದೆ: ಚಾರ್ಜರು, ಅದರ ಪಿನ್ನು ಕೂರುವ ಜ್ಯಾಕು, ಇಲ್ಲವೆ ಬೋರ್ಡಿನ ಮೊದಲ ದ್ವಾರ. ದೀಪ ಹೊತ್ತಿ, ಫ್ಯಾನು ತಿರುಗಿ, ಪರದೆ ಮಾತ್ರ ಕಪ್ಪಾಗಿಯೇ ಇದ್ದರೆ ವಿದ್ಯುತ್ತು ಬಹುದೂರ ನಡೆದುಬಂದು ರ‍್ಯಾಮಿನ ಬಳಿಯಲ್ಲೋ ಪರದೆಯ ಬಳಿಯಲ್ಲೋ ತಡೆದಿದೆಯೆಂದು ಊಹಿಸಬಹುದು. ಎರಡು ಮೂರು ಸೆಕೆಂಡು ಉರಿದು ತಾನಾಗಿಯೇ ಆರಿಹೋಗುವುದಾದರೆ ಎಲ್ಲಿಯೋ ಶಾರ್ಟ್ ಆಗಿರುವ ಸಂಭವವುಂಟು. ತಯಾರಕರ ಚಿಹ್ನೆ ಮೂಡಿ ಅಲ್ಲಿಗೇ ನಿಂತರೆ ಬಹುಪಾಲು ಡಿಸ್ಕಿನ ದೋಷ. ಹಲವು ಯಂತ್ರಗಳು ತಮ್ಮ ದೋಷವನ್ನು ತಾವೇ ಹೇಳಿಕೊಳ್ಳಲೂ ಬಲ್ಲವು: ಡೆಲ್ ಯಂತ್ರಗಳಲ್ಲಿ ದೀಪವು ಕಿತ್ತಳೆ ಹಾಗೂ ಬಿಳಿ ಬಣ್ಣಗಳಲ್ಲಿ ಇಂತಿಷ್ಟು ಸಲವೆಂದು ಮಿನುಗುತ್ತದೆ, ಎಚ್‌ಪಿ ಯಂತ್ರಗಳಲ್ಲಿ ಕ್ಯಾಪ್ಸ್ ಲಾಕ್ ಗುಂಡಿಯ ದೀಪ ಆ ಕೆಲಸವನ್ನು ಮಾಡುತ್ತದೆ. ಆ ಮಿನುಗುಗಳನ್ನು ಎಣಿಸಿ ತಯಾರಕರೇ ಪ್ರಕಟಿಸಿರುವ ಕೋಷ್ಟಕದೊಡನೆ ಹೋಲಿಸಿ ನೋಡುವಷ್ಟು ವ್ಯವಧಾನವಿದ್ದರೆ ಅರ್ಧ ಪರೀಕ್ಷೆ ಅಲ್ಲಿಯೇ ಮುಗಿಯಿತು.

ಮೊದಲು ಪರೀಕ್ಷಿಸತಕ್ಕದ್ದು ಚಾರ್ಜರನ್ನು. ವಿದ್ಯುತ್ ಸಾಮಾನುಗಳ ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಹಳದಿ ಬಣ್ಣದ ಮಲ್ಟಿಮೀಟರೊಂದು ಇದಕ್ಕೆ ಸಾಕು. ಅದರ ತಿರುಗಣೆಯನ್ನು ನೇರ ವಿದ್ಯುತ್ತಿನ 200 ವೋಲ್ಟಿನ ಮಟ್ಟಕ್ಕೆ ಇಡಬೇಕು. 20ರ ಮಟ್ಟದಲ್ಲಿಟ್ಟರೆ 20 ವೋಲ್ಟಿನ ಚಾರ್ಜರು ಅಳತೆಯ ಎಲ್ಲೆಯನ್ನು ಮೀರಿ, ಸರಿಯಿರುವುದೂ ಕೆಟ್ಟಂತೆ ಕಾಣುವುದುಂಟು. ಚಾರ್ಜರಿನ ಬೆನ್ನಿನ ಮೇಲೆ ಅಚ್ಚಾಗಿರುವ ವೋಲ್ಟಿಗೂ ಮೀಟರು ತೋರಿಸುವುದಕ್ಕೂ ಹೆಚ್ಚು ಅಂತರವಿರಕೂಡದು. ಆದರೆ ಬರಿದೇ ನಿಂತಾಗ ಸರಿಯಾದ ವೋಲ್ಟನ್ನು ತೋರಿಸಿ, ಯಂತ್ರದ ಭಾರ ಬಿದ್ದೊಡನೆ ಕುಸಿಯುವ ಚಾರ್ಜರುಗಳೂ ಇರುವುದರಿಂದ, ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಚೆನ್ನಾಗಿದೆಯೆಂದು ಗೊತ್ತಿರುವ ಮತ್ತೊಂದನ್ನು ನೆರೆಯವರಿಂದ ತಂದು ಸಿಕ್ಕಿಸಿ ನೋಡುವುದೇ ಕೊನೆಯ ಪ್ರಮಾಣ. ಡೆಲ್ ಮತ್ತು ಎಚ್‌ಪಿ ಚಾರ್ಜರುಗಳ ತುದಿಯಲ್ಲಿ ನಡುವೆ ಸೂಜಿಯಂಥ ಒಂದು ಪಿನ್ನುಂಟು. ಅದು ವಿದ್ಯುತ್ತನ್ನು ಕೊಡುವುದಕ್ಕಿಂತ ಹೆಚ್ಚಾಗಿ ‘ನಾನು ಇಂಥ ಚಾರ್ಜರು’ ಎಂದು ಪರಿಚಯ ಹೇಳಿಕೊಳ್ಳುತ್ತದೆ. ಆ ಪಿನ್ನು ಬಾಗಿದರೆ ಅಥವಾ ಅದರ ತಂತಿ ಕಡಿದರೆ ಯಂತ್ರ ನಡೆದರೂ ಬ್ಯಾಟರಿ ತುಂಬುವುದಿಲ್ಲ; ಎಷ್ಟೋ ಜನ ಹೀಗಾದಾಗ ಬ್ಯಾಟರಿ ಕೆಟ್ಟಿತೆಂದು ಹೊಸ ಬ್ಯಾಟರಿಯನ್ನೇ ಕೊಂಡು ನಷ್ಟಪಟ್ಟಿದ್ದಾರೆ. ಜ್ಯಾಕಿನಲ್ಲಿ ಪಿನ್ನು ಅಲ್ಲಾಡುತ್ತಿದ್ದರೆ, ಒಂದು ಕೋನದಲ್ಲಿ ಹಿಡಿದಾಗ ಮಾತ್ರ ದೀಪ ಹೊತ್ತಿದರೆ, ದೋಷ ಅಲ್ಲಿಯೇ ಇದೆ; ಜ್ಯಾಕನ್ನು ಬದಲಾಯಿಸುವುದು ಅಲ್ಪ ವೆಚ್ಚದ ಕೆಲಸ.

ಎರಡನೆಯ ಪ್ರಯೋಗಕ್ಕೆ ಖರ್ಚೇ ಇಲ್ಲ. ಚಾರ್ಜರನ್ನು ತೆಗೆದು, ಬ್ಯಾಟರಿಯನ್ನೂ ಕಳಚಿ, ಗುಂಡಿಯನ್ನು ಅರ್ಧ ನಿಮಿಷದಷ್ಟು ಕಾಲ ಅದುಮಿ ಹಿಡಿದು, ಬಳಿಕ ಚಾರ್ಜರನ್ನು ಮಾತ್ರ ಸಿಕ್ಕಿಸಿ ಮತ್ತೆ ಗುಂಡಿಯನ್ನು ಒತ್ತಬೇಕು. ಇದನ್ನು ಮಂತ್ರವೆಂಬಂತೆ ಹೇಳಿಕೊಡುವವರು ಬಹಳ, ಕಾರಣವನ್ನು ಹೇಳುವವರು ವಿರಳ. ಎಂಬೆಡೆಡ್ ಕಂಟ್ರೋಲರ್ ತಾನೇ ಒಂದು ಪುಟ್ಟ ಕಂಪ್ಯೂಟರಾದುದರಿಂದ ಅದೂ ಕೆಲವೊಮ್ಮೆ ಯಾವುದೋ ಅವಸ್ಥೆಯಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಟರಿಯಿಂದ ನಿರಂತರ ಪೋಷಣೆ ದೊರೆಯುತ್ತಿರುವವರೆಗೆ ಅದಕ್ಕೆ ಹೊಸದಾಗಿ ಆರಂಭಿಸುವ ಅವಕಾಶವೇ ಇಲ್ಲ. ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತೂ ಬರಿದಾದಾಗ ಅದು ಮೊದಲಿನಿಂದ ತೊಡಗುತ್ತದೆ. ಬ್ಯಾಟರಿ ಒಳಗೇ ಅಡಗಿರುವ ಮಾದರಿಗಳಲ್ಲಿ ಹಲವಕ್ಕೆ ಇದೇ ಉದ್ದೇಶದಿಂದ ಅಡಿಯಲ್ಲಿ ಸೂಜಿಮೊನೆಯಷ್ಟು ರಂಧ್ರವೊಂದನ್ನು ಬಿಟ್ಟಿರುತ್ತಾರೆ.

ಪರದೆ ಮಾತ್ರ ಕಪ್ಪಾಗಿರುವಲ್ಲಿ, ಕತ್ತಲ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದಾಗ ಮಸುಕಾದ ಅಕ್ಷರಗಳು ಕಂಡರೆ, ಯಂತ್ರ ಓಡುತ್ತಿದೆ, ಹಿಂಬದಿಯ ಬೆಳಕೊಂದೇ ಹೋಗಿದೆ. ಟಿವಿಗೋ ಬೇರೆ ಮಾನಿಟರಿಗೋ ತಂತಿ ಜೋಡಿಸಿದಾಗ ಅಲ್ಲಿ ಚಿತ್ರ ಬಂದರೂ ಯಂತ್ರ ಓಡುತ್ತಿದೆ, ದೋಷ ಪರದೆಯ ಕಡೆಗಿದೆ ಎಂದೇ ನಿರ್ಣಯ. ಎರಡೂ ಇಲ್ಲವಾದರೆ ರ‍್ಯಾಮನ್ನು ನೋಡಬೇಕು. ಅಡಿಯ ಮುಚ್ಚಳವನ್ನು ತೆಗೆದರೆ ಕಾಣುವ ಆ ಕಿರಿದಾದ ಪಟ್ಟಿಯ ಅಂಚಿನ ಹೊಂಬಣ್ಣದ ಸಂಪರ್ಕಗಳ ಮೇಲೆ, ವಿಶೇಷವಾಗಿ ನಮ್ಮ ಕರಾವಳಿ ಮಲೆನಾಡುಗಳ ತೇವದ ಹವೆಯಲ್ಲಿ, ಕಣ್ಣಿಗೆ ಕಾಣದಷ್ಟು ತೆಳುವಾದ ಕೊಳೆ ಕೂತು ಸಂಪರ್ಕವನ್ನು ಕೆಡಿಸುತ್ತದೆ. ಪಟ್ಟಿಯನ್ನು ಹೊರತೆಗೆದು, ಮೃದುವಾದ ಬಿಳಿಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ‘ಟಕ್’ ಎಂದು ಕೂರುವಂತೆ ಮತ್ತೆ ಇಡುವುದು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ನೋಡುವುದು. ಎಷ್ಟೋ ಯಂತ್ರಗಳು ಇಷ್ಟರಿಂದಲೇ ಮರಳಿ ಎದ್ದಿವೆ.

ಇಲ್ಲಿ ಒಂದು ವಿಷಯದಲ್ಲಿ ಮಾತ್ರ ನಾನು ಧೈರ್ಯ ಹೇಳಲಾರೆ, ಭಯವನ್ನೇ ಹೇಳಬೇಕು: ಅದು ಬ್ಯಾಟರಿ. 1991ರಲ್ಲಿ ಸೋನಿ ಸಂಸ್ಥೆಯು ಮೊದಲ ಬಾರಿಗೆ ಮಾರುಕಟ್ಟೆಗೆ ತಂದ, 2019ರಲ್ಲಿ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಲೀಥಿಯಂ ಅಯಾನ್ ಬ್ಯಾಟರಿಯು ಅದ್ಭುತವಾದ ವಸ್ತು. ಆದರೆ ಮುಪ್ಪಿನಲ್ಲಿ ಅದರೊಳಗಿನ ದ್ರವ ವಿಘಟಿಸಿ ಅನಿಲವಾಗಿ, ಚೀಲ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದ್ದರೆ, ತಳ ಸಮನಾಗಿ ಕೂರದಿದ್ದರೆ, ಉಬ್ಬಿದ ಬ್ಯಾಟರಿ ಒಳಗಿದೆಯೆಂದೇ ತಿಳಿಯಬೇಕು. ಅದನ್ನು ಚುಚ್ಚುವುದು, ಅದುಮುವುದು, ಸ್ಕ್ರೂಡ್ರೈವರಿನಿಂದ ಮೀಟುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಅಂಥದನ್ನು ಚಾರ್ಜಿಗೆ ಹಾಕದೆ ಬಲ್ಲವರ ಕೈಗೆ ಒಪ್ಪಿಸುವುದೇ ಉಚಿತ.

ಮನೆಯ ಪರೀಕ್ಷೆಗಳೆಲ್ಲ ಮುಗಿದೂ ಯಂತ್ರ ಏಳದಿದ್ದರೆ ದೋಷ ಬೋರ್ಡಿನಲ್ಲಿದೆ; ಆದರೆ ಬೋರ್ಡಿನಲ್ಲಿ ದೋಷವಿದೆಯೆಂಬುದಕ್ಕೂ ಬೋರ್ಡು ಹೋಗಿದೆಯೆಂಬುದಕ್ಕೂ ಅಜಗಜಾಂತರ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಮಾಳಿಗೆಗಳಲ್ಲಿಯೂ ಇತರ ಊರುಗಳ ಅಂಥ ಪೇಟೆಗಳಲ್ಲಿಯೂ ಸೂಕ್ಷ್ಮದರ್ಶಕದ ಕೆಳಗೆ ಬೋರ್ಡನ್ನಿಟ್ಟು ಕೆಲಸ ಮಾಡುವ ಕುಶಲಿಗಳಿದ್ದಾರೆ. ಅವರ ವಿಧಾನವನ್ನು ಬಲ್ಲವರಿಗೆ ಅವರ ಮೇಲೆ ಗೌರವ ಹುಟ್ಟದಿರದು. ಬೋರ್ಡಿನ ಮೇಲೆ ಸಾಸಿವೆಗಿಂತ ಸಣ್ಣವಾದ ನೂರಾರು ಸೆರಾಮಿಕ್ ಕೆಪಾಸಿಟರುಗಳಿರುತ್ತವೆ. ಅವುಗಳಲ್ಲಿ ಒಂದು ಒಳಗೇ ಬಿರುಕುಬಿಟ್ಟು ಶಾರ್ಟ್ ಆದರೂ ಆ ಸಾಲಿನ ವಿದ್ಯುತ್ತೆಲ್ಲ ನೆಲಕ್ಕೆ ಹರಿದು, ಕಾವಲಿನ ಚಿಪ್ಪು ಎಲ್ಲವನ್ನೂ ತಡೆದುಬಿಡುತ್ತದೆ. ಆ ನೂರರಲ್ಲಿ ಯಾವುದು ಅಪರಾಧಿಯೆಂದು ಕಣ್ಣಿಗೆ ಕಾಣುವುದಿಲ್ಲ. ಆಗ ಕುಶಲಿಯು ಮೀಟರಿನಿಂದ ಶಾರ್ಟ್ ಆದ ಸಾಲನ್ನು ಗುರುತಿಸಿ, ಪ್ರವಾಹಕ್ಕೆ ಮಿತಿ ಹಾಕಿದ ಪವರ್ ಸಪ್ಲೈಯಿಂದ ಆ ಸಾಲಿಗೆ ಒಂದು ವೋಲ್ಟಿನಷ್ಟನ್ನು ಮಾತ್ರ ಕೊಟ್ಟು, ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸವರುತ್ತಾನೆ. ಕೆಟ್ಟ ಭಾಗ ಬಿಸಿಯಾಗುವುದರಿಂದ ಅದರ ಮೇಲಣ ದ್ರವ ಎಲ್ಲಕ್ಕಿಂತ ಮೊದಲು ಆರಿ ಆ ಭಾಗವಿರುವ ತಾವನ್ನು ತೋರಿಸಿಕೊಡುತ್ತದೆ. ಆ ಒಂದು ಕಣವನ್ನು ಬಿಸಿಗಾಳಿಯಿಂದ ಎತ್ತಿ, ಹೊಸದನ್ನು ಬೆಸೆದರೆ ಕೆಲವು ಪೈಸೆ ಬೆಲೆಯ ವಸ್ತುವಿನಿಂದ ಸಾವಿರಾರು ರೂಪಾಯಿಯ ಬೋರ್ಡು ಉಳಿಯುತ್ತದೆ. ನಾವು ಕೊಡುವ ಕೂಲಿ ಆ ಕಣಕ್ಕಲ್ಲ, ಅದನ್ನು ಕಂಡುಹಿಡಿದ ಬುದ್ಧಿಗೆ. ಆದಕಾರಣ ಅದರಲ್ಲಿ ಚೌಕಾಸಿ ಮಾಡುವುದು ತರವಲ್ಲ.

ಕಾಫಿಯೋ ನೀರೋ ಚೆಲ್ಲಿದ ಯಂತ್ರದ ವಿಚಾರದಲ್ಲಿ ಕಾಲವೇ ಪ್ರಧಾನ. ಕೂಡಲೆ ಚಾರ್ಜರನ್ನೂ ಬ್ಯಾಟರಿಯನ್ನೂ ಕಳಚಿ, ಗುಂಡಿಯನ್ನು ಮುಟ್ಟದೆ, ಬಿಚ್ಚಿ ತೊಳೆಯುವವರ ಬಳಿಗೆ ಒಯ್ಯಬೇಕು. ಅಕ್ಕಿಯ ಡಬ್ಬದಲ್ಲಿ ಹೂತಿಡುವ ಪದ್ಧತಿಯಿಂದ ಫಲವಿಲ್ಲ; ಲೋಹವನ್ನು ತಿನ್ನುವುದು ನೀರಿನೊಡನೆ ಬಂದ ಲವಣಾದಿಗಳು; ನೀರು ಆರಿದ ಮೇಲೂ ಅವು ಅಲ್ಲಿಯೇ ಉಳಿದಿರುತ್ತವೆ. ಬೋರ್ಡನ್ನು ಒಲೆಯಲ್ಲಿಟ್ಟು ಬೇಯಿಸಿದರೆ ಸರಿಹೋಗುತ್ತದೆಂಬ ಉಪದೇಶವಂತೂ ಹಾನಿಕರ. ಕೆಲವು ವಾರ ಎಚ್ಚೆತ್ತಂತೆ ಕಂಡು ಮತ್ತೆ ನಿಲ್ಲುವುದಲ್ಲದೆ, ಸರಿಯಿದ್ದ ಭಾಗಗಳೂ ಅದರಿಂದ ಕೆಡುತ್ತವೆ.

ಯಂತ್ರ ಏಳಲಿ ಬಿಡಲಿ, ಅದರೊಳಗಿನ ಪತ್ರಗಳೂ ಭಾವಚಿತ್ರಗಳೂ ಬಹುತೇಕ ಸುರಕ್ಷಿತವಾಗಿರುತ್ತವೆಂಬುದನ್ನು ಎಲ್ಲರೂ ತಿಳಿದಿರಬೇಕು. ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಕೇಸಿನಲ್ಲಿಟ್ಟು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಅವೆಲ್ಲ ಪೆನ್‌ಡ್ರೈವಿನಲ್ಲಿದ್ದಂತೆ ತೆರೆದುಕೊಳ್ಳುತ್ತವೆ. ಈಚಿನ ವಿಂಡೋಸ್ ಯಂತ್ರಗಳು ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿ ಡಿಸ್ಕನ್ನು ಮುಚ್ಚಿರುವುದುಂಟು; ಆಗ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಜಾಣತನ.

ಇನ್ನು ಎದ್ದ ಯಂತ್ರಕ್ಕೆ ಹೊಸ ಬಲವನ್ನು ತುಂಬುವ ವಿಚಾರ. ಇದರಲ್ಲಿ ನನಗಿರುವ ಉತ್ಸಾಹವನ್ನು ಮುಚ್ಚಿಡಲಾರೆ. ಹಳೆಯ ಲ್ಯಾಪ್‌ಟಾಪು ನಿಧಾನವೆಂದು ಜನ ದೂರುವಾಗ ಪ್ರೊಸೆಸರನ್ನು ಹಳಿಯುತ್ತಾರೆ. ನಿಜವಾಗಿ ಅದು ಡಿಸ್ಕಿಗಾಗಿ ಕಾಯುತ್ತಿರುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆಯು 24 ಅಂಗುಲದ 50 ತಟ್ಟೆಗಳನ್ನು ಪೇರಿಸಿ ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಸಿದ ಮೊದಲ ಹಾರ್ಡ್‌ಡಿಸ್ಕಿನಿಂದ ಹಿಡಿದು ಲ್ಯಾಪ್‌ಟಾಪಿನ ಎರಡೂವರೆ ಅಂಗುಲದ ಡಿಸ್ಕಿನವರೆಗೆ ತತ್ತ್ವ ಒಂದೇ: ತಿರುಗುವ ತಟ್ಟೆಯೂ ಅದರ ಮೇಲೆ ಓಡಾಡುವ ತೋಳೂ. ಲ್ಯಾಪ್‌ಟಾಪಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಅಕ್ಷರ ತೋಳಿನಡಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ತೋಳು ಸರಿಯಾದ ವರ್ತುಲಕ್ಕೆ ಸರಿಯಲು ಮತ್ತಷ್ಟು ಕಾಲ ಬೇಕು. ಅಲ್ಲಲ್ಲಿ ಚದರಿರುವ ಸಣ್ಣ ಕಡತಗಳನ್ನು ಓದುವಾಗ ಇಂಥ ಹುಡುಕಾಟಗಳು ಸೆಕೆಂಡಿಗೆ ನೂರನ್ನು ಮುಟ್ಟುವುದೂ ಕಷ್ಟ. ತೊಶಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುಓಕಾ ಎಂಬ ಜಪಾನೀ ವಿಜ್ಞಾನಿಯು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಸ್ಮೃತಿಯಿಂದ ಮಾಡಿದ ಎಸ್‌ಎಸ್‌ಡಿಯಲ್ಲಾದರೋ ತಿರುಗುವುದು ಯಾವುದೂ ಇಲ್ಲ, ಕಾಯುವುದೂ ಇಲ್ಲ. ಅಂಥ ಹುಡುಕಾಟಗಳು ಅಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ನಡೆಯುತ್ತವೆ. ಒಂದೆರಡು ನಿಮಿಷ ತೆಗೆದುಕೊಂಡು ಏಳುತ್ತಿದ್ದ ಯಂತ್ರ, ಡಿಸ್ಕೊಂದನ್ನು ಬದಲಾಯಿಸಿದ ಮಾತ್ರಕ್ಕೆ ಅರ್ಧ ನಿಮಿಷದೊಳಗೆ ಎದ್ದು ನಿಲ್ಲುವುದನ್ನು ಕಂಡವರು ಅದೇ ಯಂತ್ರವೆಂದು ನಂಬುವುದಿಲ್ಲ.

ರ‍್ಯಾಮಿನ ವಿಷಯದಲ್ಲಿ ಜಾತಿಯನ್ನು ನೋಡಿ ಕೊಳ್ಳಬೇಕು. ಡಿಡಿಆರ್3, ಡಿಡಿಆರ್4 ಎಂಬ ತಲೆಮಾರುಗಳ ಪಟ್ಟಿಗಳಲ್ಲಿ ಕಚ್ಚಿನ ಸ್ಥಾನ ಬೇರೆಯಾದುದರಿಂದ ಒಂದು ಇನ್ನೊಂದರ ಜಾಗದಲ್ಲಿ ಕೂರುವುದೇ ಇಲ್ಲ; ಡಿಡಿಆರ್3ರಲ್ಲಿಯೂ 1.5 ವೋಲ್ಟಿನದು, 1.35 ವೋಲ್ಟಿನದು ಎಂಬ ಭೇದವುಂಟು. ಸಾಮಾನ್ಯ ಕೆಲಸಕ್ಕೆ ಇಂದು 8 ಜಿಬಿ ಸಾಕು. ಇವೆಲ್ಲಕ್ಕೂ ಉದಾಹರಣೆಯಾಗಿ 2011ರಲ್ಲಿ ಬಂದ ಥಿಂಕ್‌ಪ್ಯಾಡ್ ಎಕ್ಸ್220ನ್ನು ಹೆಸರಿಸಬಹುದು. ಅದರ ಬ್ಯಾಟರಿ ಎರಡು ಚಿಲಕಗಳನ್ನು ಸರಿಸಿದರೆ ಕೈಗೆ ಬರುತ್ತದೆ, ಡಿಸ್ಕಿಗೆ ಒಂದೇ ಸ್ಕ್ರೂ, ರ‍್ಯಾಮಿಗೆ ಅಡಿಯಲ್ಲಿಯೇ ಕಿರುಬಾಗಿಲು. ತಯಾರಕರು 8 ಜಿಬಿ ಎಂದು ಬರೆದಿದ್ದರೂ ಅದು 16ನ್ನು ಸ್ವೀಕರಿಸುತ್ತದೆ. ಒಂದೊಂದು ಸ್ಕ್ರೂವನ್ನೂ ಎಲ್ಲಿಂದ ತೆಗೆಯಬೇಕೆಂದು ಚಿತ್ರಸಹಿತ ಹೇಳುವ ಕೈಪಿಡಿಯನ್ನು ಸಂಸ್ಥೆಯೇ ಎಲ್ಲರಿಗೂ ದೊರಕುವಂತೆ ಮಾಡಿದೆ. ಕೊಂಡವನು ಇದನ್ನು ಬಿಚ್ಚಿಯಾನೆಂದು ಎಣಿಸಿ, ಬಿಚ್ಚುವುದಕ್ಕೆ ಅನುಕೂಲ ಮಾಡಿಕೊಟ್ಟ ಯಂತ್ರ ಅದು. ಇದಕ್ಕೆ ವ್ಯತಿರಿಕ್ತವಾಗಿ 2008ರ ಮ್ಯಾಕ್‌ಬುಕ್ ಏರ್ ಯಂತ್ರದಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದುದನ್ನು ಕಂಡೆವು. ಆ ರೂಢಿ ಇಂದು ತೆಳುವಾದ ಯಂತ್ರಗಳಲ್ಲೆಲ್ಲ ಹರಡಿದೆ. ಅರ್ಧ ಅಂಗುಲ ತೆಳುವಾಗುವುದಕ್ಕಾಗಿ ಐದು ವರ್ಷದ ಆಯುಷ್ಯವನ್ನು ಬಿಟ್ಟುಕೊಡುವ ಈ ವಿನಿಮಯವನ್ನು ನಾನು ಒಪ್ಪಲಾರೆ. ಕೊಳ್ಳುವ ದಿನವೇ ‘ಇದರ ರ‍್ಯಾಮ್, ಡಿಸ್ಕ್ ಬದಲಾಯಿಸಲು ಬರುತ್ತದೆಯೆ?’ ಎಂದು ಕೇಳುವ ಗ್ರಾಹಕರು ಹೆಚ್ಚಿದಂತೆಲ್ಲ ತಯಾರಕರೂ ಯೋಚಿಸಬೇಕಾದೀತು. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನೇ ತೆರೆದಿದೆ. ತಯಾರಕರು ಬಿಡಿಭಾಗ, ಕೈಪಿಡಿಗಳ ವಿವರವನ್ನು ಅಲ್ಲಿ ಗ್ರಾಹಕರಿಗೆ ಒದಗಿಸಬೇಕೆಂಬುದು ಅದರ ಆಶಯ.

ಯಂತ್ರಭಾಗ ಸರಿಹೋದ ಮೇಲೆ ತಂತ್ರಾಂಶದ ಪ್ರಶ್ನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆಯನ್ನೂ, ಇಂಟೆಲ್ ಪ್ರೊಸೆಸರಾದರೆ ಸ್ಥೂಲವಾಗಿ ಎಂಟನೆಯ ಅಥವಾ ಅದರ ನಂತರದ ತಲೆಮಾರಿನದನ್ನೂ ಬೇಡುತ್ತದೆ. ಹೀಗೆ ದೇಹದಲ್ಲಿ ಶಕ್ತಿಯಿದ್ದರೂ ನಿಯಮದಿಂದ ಹೊರಗುಳಿದ ಯಂತ್ರಗಳಿಗೆ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಆಶ್ರಯ ಕೊಡುತ್ತದೆ. ಲಿನಕ್ಸ್ ಮಿಂಟ್, ಉಬುಂಟು ಮೊದಲಾದ ಉಚಿತ ರೂಪಗಳನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಪರದೆ, ಧ್ವನಿ, ವೈಫೈ ಎಲ್ಲ ಸರಿಯಿದ್ದರೆ ಮಾತ್ರ ಡಿಸ್ಕಿಗೆ ಹಾಕಬಹುದು. ಕನ್ನಡ ಬರೆಯುವವರಿಗೆ ಕ-ಗ-ಪ ಕೀಲಿಮಣೆಯ ವಿನ್ಯಾಸ ಅದರಲ್ಲಿ ಮೊದಲೇ ಅಡಕವಾಗಿರುತ್ತದೆ; ಬೇರೆ ತಂತ್ರಾಂಶ ಬೇಕಿಲ್ಲ.

ಎಲ್ಲವನ್ನೂ ಉಳಿಸಲೇಬೇಕೆಂಬ ಹಟವೂ ಸಲ್ಲದು. ಅಂಥದೇ ಯಂತ್ರ, ದುರಸ್ತಾಗಿ ಪರೀಕ್ಷೆಯಾದದ್ದು, ಎಷ್ಟಕ್ಕೆ ದೊರೆಯುತ್ತದೆಂದು ಪೇಟೆಯಲ್ಲಿ ವಿಚಾರಿಸಿ, ದುರಸ್ತಿಯ ವೆಚ್ಚ ಅದರ ಅರ್ಧವನ್ನು ಮೀರುವುದಾದರೆ ಅಲ್ಲಿಗೆ ನಿಲ್ಲಿಸುವುದು ಮೇಲು. ಪ್ರೊಸೆಸರೇ ಸುಟ್ಟಿದ್ದರೆ, ಬೋರ್ಡಿನ ಒಳಪದರಗಳು ತುಕ್ಕುಹಿಡಿದಿದ್ದರೆ ಕುಶಲಿಯೂ ಕೈಚೆಲ್ಲುತ್ತಾನೆ. ಆಗಲೂ ಅದರ ಪರದೆ, ಕೀಬೋರ್ಡು, ಫ್ಯಾನು, ರ‍್ಯಾಮುಗಳು ಅದೇ ಮಾದರಿಯ ಬೇರೊಂದು ಯಂತ್ರಕ್ಕೆ ಬೇಕಾಗಿರುತ್ತವೆ. ದುರಸ್ತಿಯ ಅಂಗಡಿಗಳು ಇಂಥ ಯಂತ್ರವನ್ನು ಬೆಲೆಕೊಟ್ಟು ಕೊಳ್ಳುವುದು ಅದಕ್ಕಾಗಿಯೇ. 2022ರಲ್ಲಿ ಜಗತ್ತಿನಲ್ಲಿ ಬಿಸುಟ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್ನೆಂದೂ, ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವುದು ಅದರ ಕಾಲುಭಾಗಕ್ಕಿಂತಲೂ ಕಡಿಮೆಗೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳುತ್ತದೆ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಗುಜರಿಯವನ ಮೂಟೆಗೆ ಹಾಕಿದ ಬೋರ್ಡು ಎಲ್ಲಿಯೋ ಬಯಲಿನಲ್ಲಿ ಸುಡಲ್ಪಟ್ಟು ಸೀಸದ ಹೊಗೆಯಾಗುವುದಕ್ಕಿಂತ, ನೋಂದಾಯಿತ ಮರುಬಳಕೆದಾರರಿಗೆ ತಲುಪುವುದು ಲೇಸು. ಯಾರಿಗೆ ಕೊಟ್ಟರೂ ಕೊಡುವ ಮೊದಲು ಡಿಸ್ಕನ್ನು ಮಾತ್ರ ತೆಗೆದಿಟ್ಟುಕೊಳ್ಳತಕ್ಕದ್ದು. ಅದು ಸುಸ್ಥಿತಿಯಲ್ಲಿದ್ದರೆ ಅದೇ ಯುಎಸ್‌ಬಿ ಕೇಸಿನಲ್ಲಿ ಹೊಸ ಯಂತ್ರದ ಬ್ಯಾಕಪ್ಪಿಗೆ ಇನ್ನೂ ಕೆಲಕಾಲ ಒದಗುತ್ತದೆ.